ನೇರ ಪ್ರಸಾರದಲ್ಲಿ ಹೊತ್ತಿನ ಲೆಕ್ಕ

ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವವನ್ನೂ ಭಾಷಣ ಸ್ಪರ್ಧೆಗಳನ್ನೂ ಈಚಿನ ವರ್ಷಗಳಲ್ಲಿ ಅಂತರಜಾಲದ ಮೂಲಕ ನೇರವಾಗಿ ಪ್ರಸಾರ ಮಾಡುತ್ತ ಬಂದಿರುವೆವೆಂಬುದನ್ನು ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಬಲ್ಲರು. ಹೀಗೆ ನೋಡಿದವರಲ್ಲಿ ಹಲವರು, ಚಿತ್ರದ ಮೂಲೆಯಲ್ಲಿ ಒಂದೊಂದಾಗಿ ಇಳಿಯುತ್ತಿರುವ ಆ ಅಂಕಿಗಳು ಯಾವುವು, ಅವನ್ನು ಅಲ್ಲಿ ಕೂರಿಸುವವರು ಯಾರು, ಅದಕ್ಕೆ ಎಷ್ಟು ಹಣ ಖರ್ಚಾಯಿತು ಎಂದು ವಿಚಾರಿಸಿರುವರು. ದೂರದ ಊರುಗಳಲ್ಲಿ ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ಹುಡುಗಿಯರು ಕೆಲವರು ತಮ್ಮ ಶಾಲೆಯಲ್ಲಿಯೂ ಸಭೆಯಲ್ಲಿಯೂ ಇದನ್ನೇ ಮಾಡಬೇಕೆಂದಿರುವುದರಿಂದ ಅದರ ಕ್ರಮವನ್ನು ತಿಳಿಸಬೇಕೆಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆಯುವುದಕ್ಕಿಂತ ಈ ಸಂಚಿಕೆಯಲ್ಲಿಯೇ ವಿವರಿಸುವುದು ಲೇಸೆಂದು ತೋರಿತು. ಹಣದ ಪ್ರಶ್ನೆಗೆ ಮಾತ್ರ ಮೊದಲೇ ಉತ್ತರ ಹೇಳಿಬಿಡುವೆವು: ಒಂದು ಕಾಸೂ ಇಲ್ಲ.

ನೇರ ಪ್ರಸಾರವೆಂಬುದು ಈಗ ನಮ್ಮ ಸೀಮೆಯವರಿಗೆ ಹೊಸತಲ್ಲ. 2020ರಲ್ಲಿ ಮಹಾಮಾರಿಯ ನಿಮಿತ್ತ ದೇವಾಲಯಗಳ ಬಾಗಿಲು ಮುಚ್ಚಿದ್ದಾಗ ಭಾನುವಾರದ ಆರಾಧನೆಯು ಅನೇಕ ಮನೆಗಳಿಗೆ ಫೋನಿನ ಮೂಲಕವೇ ಬಂದಿತು. 2021ರ ಮೇ 31ರಂದು ಕರ್ನಾಟಕ ಹೈಕೋರ್ಟು ತನ್ನ ವಿಚಾರಣೆಯನ್ನು ಪ್ರಾಯೋಗಿಕವಾಗಿ ಯೂಟ್ಯೂಬಿನಲ್ಲಿ ತೋರಿಸಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ನೌಕೆಯು ಚಂದ್ರನ ಮೇಲೆ ಇಳಿದುದನ್ನು ಬೆಂಗಳೂರಿನ ಇಸ್ರೋ ಕೇಂದ್ರದಿಂದ ಬಂದ ಚಿತ್ರದಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಉಳಿದ ಹೊತ್ತೆಷ್ಟು, ಕಳೆದ ಹೊತ್ತೆಷ್ಟು ಎಂಬುದನ್ನು ಕಣ್ಣಿಗೆ ಕಾಣುವಂತೆ ಇಡುವುದರಿಂದ ನೋಡುವವರ ಮನಸ್ಸು ಹೇಗೆ ಒಂದಾಗಿ ನಿಲ್ಲುವುದೆಂಬುದು ಇಂತಹ ಸಮಯಗಳಲ್ಲಿಯೇ ತಿಳಿಯುವುದು.

ಈ ಅಂಕಿಗಳನ್ನು ತೋರಿಸುವ ವಸ್ತುವಿಗೆ ಟೈಮರ್ ಓವರ್‌ಲೇ ಎಂದು ಹೆಸರು. ಹೆಸರು ದೊಡ್ಡದು, ವಸ್ತು ಚಿಕ್ಕದು. ಕ್ಯಾಮೆರಾದ ಚಿತ್ರದ ಮೇಲೆ ಗಾಜಿನಂತಹ ಪಾರದರ್ಶಕವಾದ ಒಂದು ಹಾಳೆಯನ್ನು ಹಾಸಿ, ಆ ಹಾಳೆಯ ಮೂಲೆಯಲ್ಲಿ ಅಂಕಿಗಳನ್ನು ಬರೆದಂತೆ ಎಂದು ಭಾವಿಸಿದರೆ ಸಾಕು. ಆ ಹಾಳೆಯು ವಾಸ್ತವವಾಗಿ ಒಂದು ವೆಬ್ ಪುಟ. ನಾವು ಫೋನಿನಲ್ಲಿ ತೆರೆದು ಓದುವ ಪುಟಗಳು ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿವೆಯೋ ಅದೇ ಭಾಷೆಯಲ್ಲಿ ಇದನ್ನೂ ಬರೆಯುವರು. ನಮ್ಮ ಶಾಲೆಯಲ್ಲಿ ಬಳಸುವ ಪುಟವನ್ನು ಗಣಿತದ ಉಪಾಧ್ಯಾಯಿನಿಯವರು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರ ಸಹಾಯದಿಂದ ಬರೆದರು. ಅದು ಮೂವತ್ತು ಸಾಲುಗಳನ್ನು ಮೀರುವುದಿಲ್ಲ.

ಕ್ಯಾಮೆರಾದ ಚಿತ್ರವನ್ನೂ ಈ ಹಾಳೆಯನ್ನೂ ಒಟ್ಟುಗೂಡಿಸಿ ಯೂಟ್ಯೂಬಿಗೆ ಕಳುಹಿಸತಕ್ಕ ಕೆಲಸವನ್ನು ಓಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶವು ಮಾಡುವುದು. ಹ್ಯೂ ಬೇಲಿ ಎಂಬವರು ಆರಂಭಿಸಿ 2012ರಲ್ಲಿ ಹೊರತಂದ ಇದನ್ನು ಈಗ ಅನೇಕ ದೇಶಗಳ ಜನರು ಸ್ವಂತ ಇಚ್ಛೆಯಿಂದ ತಿದ್ದಿ ಬೆಳಸುತ್ತಿರುವರು. ಯಾರು ಬೇಕಾದರೂ ಬೆಲೆ ಕೊಡದೆ ತೆಗೆದುಕೊಳ್ಳಬಹುದು. ಕಂಪ್ಯೂಟರಿನಲ್ಲಿ ಇದನ್ನು ತೆರೆದರೆ ಕೆಳಭಾಗದಲ್ಲಿ ಸೀನ್ಸ್ ಎಂದೂ ಸೋರ್ಸಸ್ ಎಂದೂ ಎರಡು ಚೌಕಗಳು ಕಾಣುವುವು. ಸೀನ್ ಎಂದರೆ ನಾಟಕದ ಒಂದು ದೃಶ್ಯವಿದ್ದಂತೆ. ಸೋರ್ಸ್ ಎಂದರೆ ಆ ದೃಶ್ಯದೊಳಗಿನ ಒಂದೊಂದು ಸಾಮಾನು. ಸೋರ್ಸಸ್ ಚೌಕದ ಕೂಡಿಸುವ ಗುರುತನ್ನು ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರ್ ಎಂಬುದನ್ನು ಆರಿಸಿ, ಪುಟದ ವಿಳಾಸವನ್ನು ಅಲ್ಲಿ ಕೊಡತಕ್ಕದ್ದು. ಅಗಲವನ್ನೂ ಎತ್ತರವನ್ನೂ ಕೊಡುವಾಗ ಚಿತ್ರದ ಅಳತೆಯನ್ನೇ, ಎಂದರೆ ಸಾಮಾನ್ಯವಾಗಿ 1920 ಮತ್ತು 1080 ಅಥವಾ 1280 ಮತ್ತು 720, ಕೊಟ್ಟರೆ ಅಂಕಿಗಳು ಮಸುಕಾಗುವುದಿಲ್ಲ. ಪುಟದ ಹಿನ್ನೆಲೆಯನ್ನು ಓಬಿಎಸ್ ತಾನಾಗಿಯೇ ಪಾರದರ್ಶಕವಾಗಿಸುವುದು. ಆದರೆ ಪುಟವನ್ನು ಬರೆದವರು ಅಂಕಿಗಳ ಹಿಂದೆ ಬೇರೊಂದು ಬಣ್ಣದ ಚೌಕವನ್ನು ಇಟ್ಟಿದ್ದರೆ ಅದು ಹಾಗೆಯೇ ಉಳಿಯುವುದು. ಪಟ್ಟಿಯಲ್ಲಿ ಯಾವುದು ಮೇಲೆ ಇದೆಯೋ ಅದೇ ಚಿತ್ರದಲ್ಲಿಯೂ ಮೇಲೆ ಇರುವುದರಿಂದ ಟೈಮರನ್ನು ಕ್ಯಾಮೆರಾದ ಹೆಸರಿಗಿಂತ ಮೇಲಕ್ಕೆ ಎಳೆದಿಡಬೇಕು. ಎಲ್ಲವನ್ನೂ ಸರಿಯಾಗಿ ಮಾಡಿಯೂ ಅಂಕಿ ಕಾಣುವುದಿಲ್ಲವೆಂದು ಪೇಚಾಡುವವರು ಮೊದಲು ಇದನ್ನು ನೋಡಿಕೊಳ್ಳಲಿ. ಪುಟದೊಳಗಿನ ಆರಂಭದ ಗುಂಡಿಯನ್ನು ಒತ್ತುವುದಕ್ಕೆ ಇಂಟರಾಕ್ಟ್ ಎಂಬ ಸೌಕರ್ಯವಿದೆ. ಅದನ್ನು ತೆರೆದರೆ ಪುಟವು ಬೇರೆ ಕಿಟಕಿಯಲ್ಲಿ ನಮ್ಮ ಕೈಗೆ ಸಿಕ್ಕುವುದು.

ಇಷ್ಟು ಕೈಕೆಲಸ. ಇನ್ನು ಲೆಕ್ಕದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನಮ್ಮ ಹಿರಿಯರು ದಿನವನ್ನು 60 ಗಳಿಗೆಗಳಾಗಿ ವಿಭಾಗಿಸಿದ್ದರು. ಒಂದು ಗಳಿಗೆಗೆ ಈಗಿನ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಬಿಟ್ಟರೆ, ನೀರು ಒಳಕ್ಕೆ ಏರಿ ಒಂದು ಗಳಿಗೆಗೆ ಸರಿಯಾಗಿ ಅದು ಮುಳುಗುವುದು. ಕಾವಲಿನವನು ಜಾಗಟೆಯನ್ನು ಬಾರಿಸಿ ಬಟ್ಟಲನ್ನು ಮತ್ತೆ ತೇಲಬಿಡುವನು. ಅವನು ತೂಕಡಿಸಿ ಒಂದು ಬಟ್ಟಲನ್ನು ತಡವಾಗಿ ಎತ್ತಿದನೆಂದರೆ ಆ ತಪ್ಪು ಸಂಜೆಯ ತನಕವೂ ಜೊತೆಯಲ್ಲಿ ಬರುವುದು. ಆದರೆ ಅಂಗಳದಲ್ಲಿ ಕಂಬವನ್ನು ನೆಟ್ಟು ನೆರಳನ್ನು ಅಳೆಯುವವನು ನಡುವೆ ಒಂದು ನಿದ್ದೆ ಮಾಡಿ ಎದ್ದರೂ ಲೆಕ್ಕ ಕೆಡುವುದಿಲ್ಲ. ಅವನು ಎಣಿಸುತ್ತಿರಲಿಲ್ಲ, ನೋಡಿದ ಕ್ಷಣದಲ್ಲಿ ಸೂರ್ಯನು ಎಲ್ಲಿರುವನೆಂದು ಕೇಳಿಕೊಳ್ಳುತ್ತಿದ್ದನು ಅಷ್ಟೆ.

ವೆಬ್ ಪುಟದ ಟೈಮರುಗಳಲ್ಲಿಯೂ ಈ ಎರಡು ಜಾತಿಗಳಿವೆ. ಒಂದು, ಪ್ರತಿ ಸೆಕೆಂಡಿಗೂ ಎಚ್ಚತ್ತು ಒಂದನ್ನು ಕಳೆಯುತ್ತ ಹೋಗುವುದು. ಕಂಪ್ಯೂಟರಿಗೆ ಬೇರೆ ಕೆಲಸದ ಭಾರ ಹೆಚ್ಚಾದಾಗ ಈ ಎಚ್ಚರವು ತಡವಾಗುವುದು. ಕಣ್ಣಿಗೆ ಕಾಣದೆ ಹಿಂದೆ ಉಳಿದಿರುವ ಪುಟಗಳನ್ನು ಬ್ರೌಸರುಗಳು ಬೇಕೆಂದೇ ನಿಧಾನಗೊಳಿಸುವುದೂ ಉಂಟು. ಹೀಗಾಗಿ ಐದು ನಿಮಿಷವೆಂದು ತೋರಿಸಿದ್ದು ಐದು ನಿಮಿಷಕ್ಕಿಂತ ಹೆಚ್ಚಾಗಿರಬಹುದು. ಎರಡನೆಯದು, ಮುಗಿಯಬೇಕಾದ ಕ್ಷಣವನ್ನು ಆರಂಭದಲ್ಲಿಯೇ ಬರೆದಿಟ್ಟುಕೊಂಡು, ಪ್ರತಿ ಸಲವೂ ಕಂಪ್ಯೂಟರಿನ ಗಡಿಯಾರವನ್ನು ನೋಡಿ, ಆ ಕ್ಷಣದಿಂದ ಈ ಕ್ಷಣವನ್ನು ಕಳೆದು ಉಳಿದದ್ದನ್ನು ತೋರಿಸುವುದು. ಇದು ನಡುವೆ ತಡೆದು ನಿಂತರೂ ಮತ್ತೆ ನೋಡುವಾಗ ಸರಿಯಾದ ಅಂಕಿಗೇ ಬರುವುದು. ಎರಡನೆಯದನ್ನೇ ಆರಿಸಬೇಕೆಂಬುದರಲ್ಲಿ ನಮಗೆ ಯಾವ ಸಂದೇಹವೂ ಇಲ್ಲ. ಬೇರೆಯವರ ಪುಟವನ್ನು ತೆಗೆದುಕೊಳ್ಳುವವರು ಅದು ಯಾವ ಜಾತಿಯದೆಂದು ಪರೀಕ್ಷಿಸುವುದು ಸುಲಭ: ಹತ್ತು ನಿಮಿಷಕ್ಕೆ ಹೂಡಿ, ನಡುವೆ ದೃಶ್ಯವನ್ನು ಎರಡು ಮೂರು ಸಲ ಬದಲಾಯಿಸಿ, ಕೊನೆಗೆ ಕೈಗಡಿಯಾರದೊಡನೆ ಹೋಲಿಸಿ ನೋಡಬೇಕು.

ದೃಶ್ಯ ಬದಲಾಯಿಸುವುದೆಂದಾಗ ಇನ್ನೊಂದು ಮಾತು. ಬ್ರೌಸರ್ ಸೋರ್ಸಿನ ಗುಣಗಳ ಪಟ್ಟಿಯಲ್ಲಿ ಎರಡು ಸಣ್ಣ ಚೌಕಗಳಿವೆ. ಕಾಣದಿರುವಾಗ ಪುಟವನ್ನು ಮುಚ್ಚಿಬಿಡು ಎಂಬುದೊಂದು. ದೃಶ್ಯವು ಮತ್ತೆ ಬಂದಾಗ ಪುಟವನ್ನು ಹೊಸದಾಗಿ ತೆರೆ ಎಂಬುದು ಇನ್ನೊಂದು. ಭಾಷಣದ ನಡುವೆ ಕ್ಯಾಮೆರಾವನ್ನು ಸಭಿಕರ ಕಡೆಗೆ ತಿರುಗಿಸಿ ಮತ್ತೆ ವೇದಿಕೆಗೆ ತಂದಾಗ, ಈ ಚೌಕಗಳಲ್ಲಿ ಗುರುತಿದ್ದರೆ ಟೈಮರ್ ಮೊದಲಿನಿಂದ ಆರಂಭವಾಗುವುದು. ಎರಡು ನಿಮಿಷ ಉಳಿದಿದ್ದ ಹುಡುಗಿಗೆ ಐದು ನಿಮಿಷ ಉಳಿದಂತೆ ಲೋಕಕ್ಕೆಲ್ಲ ಕಾಣುವುದು. ಆದಕಾರಣ ಸ್ಪರ್ಧೆಯ ಟೈಮರಿಗೆ ಇವೆರಡೂ ಖಾಲಿಯಾಗಿರತಕ್ಕದ್ದು.

ಇಷ್ಟು ಸೂಕ್ಷ್ಮವಾಗಿ ಸೆಕೆಂಡುಗಳನ್ನು ಎಣಿಸುವುದೇಕೆ ಎಂದು ಕೆಲವರಿಗೆ ತೋರಬಹುದು. ಅದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಹೊರಗಿನ ಒಂದು ಸ್ಪರ್ಧೆಗೆ ನಮ್ಮ ಹುಡುಗಿಯೊಬ್ಬಳು ಹೋಗಿದ್ದಳು. ಮಾಗಡಿ ಸೀಮೆಯ ಹಳ್ಳಿಯ ರೈತರ ಮಗಳು. ತಿಂಗಳುಗಟ್ಟಲೆ ಅಭ್ಯಾಸಮಾಡಿ ತನ್ನ ಭಾಷಣವನ್ನು ಐದು ನಿಮಿಷಕ್ಕೆ ಹತ್ತು ಸೆಕೆಂಡು ಕಡಮೆಯಾಗುವಂತೆ ಹದಗೊಳಿಸಿದ್ದಳು. ಅವಳು ಕೊನೆಯ ಭಾಗಕ್ಕೆ ಬರುವಷ್ಟರಲ್ಲಿಯೇ ಗಂಟೆ ಬಾರಿಸಿತು. ಜೊತೆಗೆ ಹೋಗಿದ್ದ ಉಪಾಧ್ಯಾಯಿನಿಯವರ ಕೈಗಡಿಯಾರದಲ್ಲಿ ನಾಲ್ಕು ನಿಮಿಷವೂ ಆಗಿರಲಿಲ್ಲ. ಕೇಳಿದರೆ, ತಮ್ಮ ಗಡಿಯಾರದ ಪ್ರಕಾರ ಆಗಿದೆಯೆಂಬ ಉತ್ತರ ಬಂದಿತು. ಆ ಗಡಿಯಾರವನ್ನು ಒಬ್ಬರು ಮಾತ್ರ ನೋಡುತ್ತಿದ್ದರು. ಅದನ್ನು ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಯಾರಲ್ಲಿಯೂ ಆಧಾರವಿರಲಿಲ್ಲ. ಹುಡುಗಿಯು ಬಹುಮಾನ ತಪ್ಪಿದ್ದಕ್ಕೆ ಅಳಲಿಲ್ಲ. ತಾನು ಹೇಳಬೇಕೆಂದಿದ್ದ ಕೊನೆಯ ಮಾತನ್ನು ಬಸ್ಸಿನಲ್ಲಿ ಹಿಂದಿರುಗುವಾಗ ಉಪಾಧ್ಯಾಯಿನಿಯವರಿಗೆ ಹೇಳಿ ಮುಗಿಸಿದಳಂತೆ. ನಮ್ಮ ಶಾಲೆಯಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಗಡಿಯಾರವು ಎಲ್ಲರಿಗೂ ಕಾಣಬೇಕೆಂದು ನಿಯಮ ಮಾಡಿದುದು ಆ ಮೇಲೆಯೇ.

ಎಲ್ಲರಿಗೂ ಎಂದರೆ ಮಾತಾಡುವವಳಿಗೂ ಎಂದು ಅರ್ಥ. ಇದನ್ನು ಮರೆಯುವವರು ಬಹಳ. ದುಬೈಯಲ್ಲಿ ಕುಳಿತ ಚಿಕ್ಕಮ್ಮನಿಗೆ ಉಳಿದ ಹೊತ್ತು ಕಾಣುವುದು, ತೀರ್ಪುಗಾರರಿಗೆ ಕಾಣುವುದು, ವೇದಿಕೆಯ ಮೇಲೆ ನಿಂತ ಹುಡುಗಿಗೆ ಮಾತ್ರ ಕಾಣುವುದಿಲ್ಲವೆಂದರೆ ಅದು ನ್ಯಾಯವಲ್ಲ. ಓಬಿಎಸ್‌ನಲ್ಲಿ ಸೋರ್ಸಿನ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಪ್ರೊಜೆಕ್ಟರ್ ಎಂಬ ಸೌಕರ್ಯ ದೊರೆಯುವುದು. ಅದರಿಂದ ಅದೇ ಟೈಮರನ್ನು ಇನ್ನೊಂದು ಪರದೆಯಲ್ಲಿ ತುಂಬ ದೊಡ್ಡದಾಗಿ ತೋರಿಸಬಹುದು. ನಾವು ಹಳೆಯ ಮಾನಿಟರೊಂದನ್ನು ವೇದಿಕೆಯ ಎದುರಿಗೆ ಬೆಂಚಿನ ಮೇಲೆ ಇಡುವೆವು. ಸಣ್ಣ ತರಗತಿಯ ಮಕ್ಕಳು ಇಳಿಯುವ ಅಂಕಿಗಳನ್ನು ಕಂಡು ಗಾಬರಿಯಾಗುವರೆಂಬ ಆಕ್ಷೇಪಣೆ ಬಂದಿತು, ಅದರಲ್ಲಿ ಸತ್ಯವಿಲ್ಲದಿಲ್ಲ. ಅವರಿಗೆ ಮಾತ್ರ ಅಂಕಿಗಳ ಬದಲು ಬಣ್ಣವನ್ನು ತೋರಿಸುವೆವು: ಹಸುರು, ಕೊನೆಯ ಒಂದು ನಿಮಿಷದಲ್ಲಿ ಹಳದಿ, ಕೊನೆಯ ಹತ್ತು ಸೆಕೆಂಡುಗಳಲ್ಲಿ ಕೆಂಪು. ಹಿತ್ತಾಳೆಯ ಗಂಟೆಯನ್ನು ಮಾತ್ರ ಕೈಬಿಟ್ಟಿಲ್ಲ. ಪುಟದಿಂದಲೇ ಗಂಟೆಯ ಧ್ವನಿಯನ್ನು ಬರಿಸಬಹುದಾದರೂ, ಸಭಾಮಂದಿರದಲ್ಲಿ ಕೈಯಿಂದ ಬಾರಿಸಿದ್ದು ಮೈಕಿನ ಮೂಲಕ ದೂರದವರಿಗೂ ಕೇಳುವುದರಿಂದ, ಒಳಗಿನವರಿಗೂ ಹೊರಗಿನವರಿಗೂ ಒಂದೇ ಗಂಟೆಯಾಗುವುದು.

ಕಳೆದ ಸಲ ಚರಿತ್ರೆಯ ಸಂಘದ ಹುಡುಗಿಯರನ್ನು ಮಾಗಡಿಗೆ ಸಮೀಪದ ಕಲ್ಯಕ್ಕೆ ಕರೆದುಕೊಂಡು ಹೋಗಿ ಅಲ್ಲಿಯೇ ಭಾಷಣಗಳನ್ನು ಏರ್ಪಡಿಸಿದ್ದೆವು. ಕಲ್ಯವು ಈಗ ಚಿಕ್ಕ ಗ್ರಾಮವಾದರೂ ಒಂದು ಕಾಲಕ್ಕೆ ಹೆಸರಾದ ಪಟ್ಟಣ; ಶೈವರಿಗೂ ಜೈನರಿಗೂ ನೆಲೆಯಾಗಿದ್ದದ್ದು. ಪಾಲ್ಕುರಿಕೆ ಸೋಮನಾಥನು ಐಕ್ಯನಾದ ಸ್ಥಳವಿದೆಂದು ಪ್ರತೀತಿ. ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಇಬ್ಬರ ಕೈಗಳನ್ನೂ ಕೂಡಿಸಿ ತೀರ್ಮಾನಿಸಿದ 1368ರ ಒಡಂಬಡಿಕೆಯನ್ನು ಶ್ರವಣಬೆಳಗೊಳದಲ್ಲಿ ಕಲ್ಲಿನ ಮೇಲೆ ಕೆತ್ತಿರುವಂತೆಯೇ ಕಲ್ಯದಲ್ಲಿಯೂ ಕೆತ್ತಲಾಯಿತು. ಅರಮನೆಯ ಕಡತದಲ್ಲಿ ಬರೆದಿಟ್ಟಿದ್ದರೂ ಅದು ತೀರ್ಪೇ ಆಗುತ್ತಿತ್ತು. ಆದರೆ ಕಲ್ಲಿನಲ್ಲಿ ಕೆತ್ತಿ ದಾರಿಹೋಕರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದುದರಿಂದ ಎರಡು ಪಕ್ಷದವರೂ ಅದನ್ನು ತೋರಿಸಿ ಮಾತಾಡಬಹುದಾಯಿತು. ನಮ್ಮ ಹುಡುಗಿಯರಲ್ಲಿ ಒಬ್ಬಳು ಈ ಮಾತನ್ನೇ ಹಿಡಿದು, ತನ್ನ ಭಾಷಣದ ನಡುವೆ ಬೆಂಚಿನ ಮೇಲಿನ ಟೈಮರಿನ ಕಡೆಗೆ ಕೈ ತೋರಿಸಿದಳು. ಸಭಿಕರು ನಕ್ಕರು. ಅವಳು ಅದಕ್ಕಾಗಿ ಏಳು ಸೆಕೆಂಡು ಕಳೆದುಕೊಂಡದ್ದೂ ಅಲ್ಲಿಯೇ ಕಂಡಿತು.

ಹಳ್ಳಿಯಿಂದ ಪ್ರಸಾರ ಮಾಡುವವರು ಟೈಮರಿನ ಪುಟವನ್ನು ಅಂತರಜಾಲದ ಯಾವುದೋ ವಿಳಾಸದಿಂದ ತರಿಸದೆ ಕಂಪ್ಯೂಟರಿನಲ್ಲಿಯೇ ಇಟ್ಟುಕೊಳ್ಳುವುದು ಉತ್ತಮ. ಬ್ರೌಸರ್ ಸೋರ್ಸಿನಲ್ಲಿ ಲೋಕಲ್ ಫೈಲ್ ಎಂಬ ಚೌಕವನ್ನು ಗುರುತಿಸಿದರೆ ಹಾಗೆ ಮಾಡಬಹುದು. ಕಲ್ಯದಲ್ಲಿ ನಮಗಿದ್ದುದು ಫೋನಿನ ಸಂಪರ್ಕ ಮಾತ್ರ. ಒಮ್ಮೆ ತೆರೆದ ಪುಟವು ಸಂಪರ್ಕ ಕಡಿದರೂ ನಡೆಯುವುದು ನಿಜ. ಆದರೆ ಆ ಸಮಯದಲ್ಲಿ ಅದನ್ನು ಮತ್ತೆ ತೆರೆಯಬೇಕಾಗಿ ಬಂದರೆ ಬರಿಯ ಶೂನ್ಯ. ಇದಲ್ಲದೆ, ಬೇರೆಯವರ ವಿಳಾಸದಲ್ಲಿರುವ ಪುಟವನ್ನು ಅವರು ಯಾವಾಗ ಬೇಕಾದರೂ ಬದಲಾಯಿಸಬಹುದು. ಹೆಣ್ಣುಮಕ್ಕಳ ಸಭೆಯ ಚಿತ್ರದ ಮೇಲೆ ಯಾವುದೋ ಜಾಹೀರಾತು ಬಂದು ಕುಳಿತರೆ ಯಾರನ್ನು ಕೇಳುವುದು?

ದೂರದಲ್ಲಿ ನೋಡುವವರಿಗೆ ಎರಡು ವಿಷಯಗಳನ್ನು ತಿಳಿಸಬೇಕಾಗಿದೆ. ಚಿತ್ರವು ಇಲ್ಲಿಂದ ಹೊರಟು ಯೂಟ್ಯೂಬನ್ನು ಸೇರಿ ಅಲ್ಲಿಂದ ಮನೆಮನೆಗೆ ಹೋಗುವುದಕ್ಕೆ ಕೆಲವು ಸೆಕೆಂಡುಗಳಾದರೂ ಹಿಡಿಯುವುವು; ಕೆಲವೊಮ್ಮೆ ಅರ್ಧ ನಿಮಿಷವೂ ಆಗಬಹುದು. ಆದರೆ ಟೈಮರಿನ ಅಂಕಿಗಳು ಚಿತ್ರದೊಡನೆ ಬೆರೆತೇ ಹೊರಡುವುದರಿಂದ ಎರಡೂ ಒಟ್ಟಿಗೆ ತಡವಾಗುವುವು. ಆದುದರಿಂದ ಭಾಷಣದ ಅಳತೆಯು ಲಂಡನಿನಲ್ಲಿ ನೋಡಿದರೂ ಸರಿಯಾಗಿಯೇ ಇರುವುದು. ಗಂಟೆ ನಿಮಿಷಗಳನ್ನು ತೋರಿಸುವ ಗಡಿಯಾರವನ್ನು ಇಟ್ಟರೆ ಮಾತ್ರ ಅದು ನೋಡುವವರ ಗೋಡೆಯ ಗಡಿಯಾರಕ್ಕಿಂತ ಹಿಂದೆ ಬೀಳುವುದು. ಆದಕಾರಣ ಅದನ್ನು ನಾವು ಇಡುವುದಿಲ್ಲ.

ಇನ್ನೊಂದು ವಿಷಯ, ಕಾರ್ಯಕ್ರಮದ ಆರಂಭಕ್ಕೆ ಮೊದಲು ತೋರಿಸುವ ಇಳಿಲೆಕ್ಕದ್ದು. ಇಲ್ಲಿ ಸಂಜೆ 6 ಗಂಟೆಯೆಂದರೆ ದುಬೈಯಲ್ಲಿ 4 ಗಂಟೆ 30 ನಿಮಿಷ. ಲಂಡನಿನಲ್ಲಿ ಡಿಸೆಂಬರಿನಲ್ಲಾದರೆ ಮಧ್ಯಾಹ್ನ 12 ಗಂಟೆ 30 ನಿಮಿಷ, ಬೇಸಗೆಯಲ್ಲಾದರೆ 1 ಗಂಟೆ 30 ನಿಮಿಷ. ಅಲ್ಲಿ ಬೇಸಗೆ ಬಂದೊಡನೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿಯಿದೆ. ವಿದೇಶದ ಆಸ್ಪತ್ರೆಗಳಲ್ಲಿ ದಾದಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಪಾಳಿಯ ನಡುವೆ ಬಿಡುವು ಮಾಡಿಕೊಂಡು ನೋಡುವರಾದ್ದರಿಂದ, ಆಹ್ವಾನದಲ್ಲಿ ಗಂಟೆಯನ್ನು ಮಾತ್ರ ಅಚ್ಚುಹಾಕಿಸಿದರೆ ಅವರಿಗೆ ಗೊಂದಲವಾಗುವುದು. ಇನ್ನು ಇಷ್ಟು ಗಂಟೆ ಇಷ್ಟು ನಿಮಿಷ ಎಂದು ಇಳಿಲೆಕ್ಕವೇ ಹೇಳಿಬಿಟ್ಟರೆ ಅದು ಎಲ್ಲ ದೇಶದವರಿಗೂ ಒಂದೇ. ಪುಟವನ್ನು ಬರೆಯುವಾಗ ಆರಂಭದ ಕ್ಷಣವನ್ನು ಭಾರತದ ವೇಳೆಯೆಂದು, ಎಂದರೆ ಲೋಕದ ಮಾನವೇಳೆಗಿಂತ ಐದೂವರೆ ಗಂಟೆ ಮುಂದೆಂದು, ಸ್ಪಷ್ಟವಾಗಿ ಸೂಚಿಸಿದರೆ ಸಾಕು. ಈ ಐದೂವರೆ ಗಂಟೆಯೂ ಒಂದು ಒಪ್ಪಂದವೇ ಹೊರತು ಬೇರಲ್ಲ. 82 ಡಿಗ್ರಿ 30 ಮಿನಿಟಿನ ಪೂರ್ವರೇಖಾಂಶದ ವೇಳೆಯನ್ನು 1906ರಲ್ಲಿ ದೇಶಕ್ಕೆಲ್ಲ ಮಾನವಾಗಿ ಇಟ್ಟರು. ಕಲ್ಯವು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕೆ ಇರುವುದರಿಂದ ಅಲ್ಲಿಯ ಕಂಬದ ನೆರಳನ್ನು ಕೇಳಿದರೆ ನಮ್ಮ ಗಡಿಯಾರಕ್ಕಿಂತ ಹೆಚ್ಚುಕಡಮೆ ಇಪ್ಪತ್ತು ನಿಮಿಷ ಹಿಂದಿನ ಹೊತ್ತನ್ನು ಹೇಳುವುದು.

ಅಂಕಿಗಳ ರೂಪದ ವಿಚಾರದಲ್ಲಿ ಉಪಾಧ್ಯಾಯಿನಿಯರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡ ಶಾಲೆಯ ಪ್ರಸಾರದಲ್ಲಿ ಕನ್ನಡದ ಅಂಕಿಗಳೇ ಇರಬೇಕೆಂದು ಕನ್ನಡ ಪಂಡಿತರ ಅಭಿಪ್ರಾಯ. ಪುಟಕ್ಕೆ ಹೇಳಿದರೆ ಅದು ಕನ್ನಡ ಅಂಕಿಗಳನ್ನು ಯಾವ ಶ್ರಮವೂ ಇಲ್ಲದೆ ಬರೆಯುವುದು. ಆದರೆ ಫೋನಿನ ಸಣ್ಣ ಪರದೆಯಲ್ಲಿ ಕನ್ನಡದ ಸೊನ್ನೆಗೂ ಒಂದಕ್ಕೂ ಭೇದ ತಿಳಿಯುವುದು ಕಷ್ಟ, ಅಜ್ಜಿಯಂದಿರಿಗಂತೂ ಹೇಳಬೇಕಾಗಿಲ್ಲ. ಕಡೆಗೆ ವೇದಿಕೆಯ ಎದುರಿನ ದೊಡ್ಡ ಪರದೆಗೆ ಕನ್ನಡ ಅಂಕಿಗಳನ್ನೂ ಪ್ರಸಾರದ ಮೂಲೆಗೆ ಇಂಗ್ಲಿಷ್ ಅಂಕಿಗಳನ್ನೂ ಇಟ್ಟೆವು. ಯಾವುದಾದರೂ ಸರಿ, ಎಲ್ಲ ಅಂಕಿಗಳೂ ಒಂದೇ ಅಗಲವಿರುವ ಅಕ್ಷರಮಾದರಿಯನ್ನು ಆರಿಸಬೇಕು. ಇಲ್ಲವಾದರೆ ಪ್ರತಿ ಸೆಕೆಂಡಿಗೂ ಅಂಕಿಗಳು ಆಚೆ ಈಚೆ ಕುಣಿಯುವುವು. ನೋಡುವವರ ಕಣ್ಣು ಹುಡುಗಿಯ ಮುಖವನ್ನು ಬಿಟ್ಟು ಮೂಲೆಗೇ ಹೋಗುವುದು.

ಹುಡುಗಿಯರ ಮುಖವೆಂದೊಡನೆ ತಾಯಂದಿರ ಮನಸ್ಸಿನಲ್ಲಿರುವ ಅಂಜಿಕೆಯೂ ನೆನಪಾಗುವುದು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸುವುದು. ಯೂಟ್ಯೂಬಿನವರೂ ನೇರ ಪ್ರಸಾರ ಮಾಡತಕ್ಕವರ ವಯಸ್ಸನ್ನು 2025ರ ಜುಲೈ 22ರಿಂದ ಕನಿಷ್ಠ 16ಕ್ಕೆ ಏರಿಸಿದರು. ಇವು ಇಲ್ಲದಿದ್ದರೂ ನಮ್ಮ ಪದ್ಧತಿ ಇದೇ: ಪ್ರಸಾರವು ಶಾಲೆಯ ಖಾತೆಯಿಂದಲೇ ನಡೆಯುವುದು, ಮಗುವಿನ ಖಾತೆಯಿಂದಲ್ಲ, ತಂದೆತಾಯಿಗಳು ಬರೆದು ಒಪ್ಪಿಕೊಡದ ಹುಡುಗಿಯು ಕ್ಯಾಮೆರಾದ ಎದುರಿಗೆ ಬರುವುದಿಲ್ಲ, ಚಿತ್ರವು ವಿಳಾಸ ತಿಳಿದವರಿಗೆ ಮಾತ್ರ ಕಾಣುವಂತೆ ಅನ್‌ಲಿಸ್ಟೆಡ್ ಎಂದು ಇಡಲ್ಪಡುವುದು, ಟೈಮರಿನ ಬಳಿ ತರಗತಿಯ ಹೆಸರು ಇರಬಹುದೇ ಹೊರತು ಹುಡುಗಿಯ ಪೂರ್ಣ ಹೆಸರಾಗಲಿ ಊರಾಗಲಿ ಬರೆಯಲ್ಪಡುವುದಿಲ್ಲ. ವಿಳಾಸವನ್ನು ಇತರರಿಗೆ ಹಂಚಬಾರದೆಂದು ಪೋಷಕರನ್ನು ಈ ಮೂಲಕವೂ ಕೇಳಿಕೊಳ್ಳುವೆವು.

ಹೊಸದಾಗಿ ಆರಂಭಿಸುವವರು ಕಾರ್ಯಕ್ರಮದ ದಿನವೇ ಯೂಟ್ಯೂಬಿನಲ್ಲಿ ಖಾತೆ ತೆರೆದು ಕೂರಬಾರದು. ಮೊದಲ ಸಲ ನೇರ ಪ್ರಸಾರದ ಅನುಮತಿ ದೊರೆಯುವುದಕ್ಕೆ 24 ಗಂಟೆಗಳವರೆಗೂ ಹಿಡಿಯಬಹುದು. 12 ಗಂಟೆಗಳಿಗಿಂತ ಕಡಮೆಯಾದ ಪ್ರಸಾರವು ಮುಗಿದ ಮೇಲೆ ತಾನಾಗಿಯೇ ಖಾತೆಯಲ್ಲಿ ಉಳಿದುಕೊಳ್ಳುವುದು. ಅಂಕಿಗಳೂ ಚಿತ್ರದೊಡನೆ ಉಳಿಯುವುದರಿಂದ, ತನ್ನ ಮಗಳಿಗೆ ಎಷ್ಟು ಹೊತ್ತು ದೊರೆಯಿತೆಂದು ಯಾವ ತಾಯಿಯಾದರೂ ಮನೆಯಲ್ಲಿ ಕುಳಿತು ನೋಡಿಕೊಳ್ಳಬಹುದು. ನಮ್ಮ ಟೈಮರಿನ ಪುಟವು ಬೇಕಾದವರು ಶಾಲೆಯ ಕಚೇರಿಯಲ್ಲಿ ಕೇಳಿ ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋಗಬಹುದು. ಪೆನ್‌ಡ್ರೈವನ್ನು ಮಾತ್ರ ಅವರೇ ತರಬೇಕು.